ಬಾಟ್ಲಿ ಬಿಟ್ಟ ಪದ್ಮಾಕರ

ಬೆಳಗಾವಿಯ ಖಡೇಬಜಾರದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಪದ್ಮಾಕರನಿಗೆ ಮೋಟಾರಿನ ವಿಷಯ ಏನೇನೂ ಗೊತ್ತಿರಲಿಲ್ಲ. ಇದೇನು ಮಹಾ ಅಪರಾಧವಲ್ಲ. ಬಳೆ ಮಾರುವ ಗಂಡಸರು ಬಳೆ ತೊಟ್ಟು ನೋಡಿ ಮಾರುತ್ತಾರೆಯೇ? ಅಂಗಡಿ ತಂದೆಯ ಕಾಲದ್ದು, ಡಬ್ಬಿಗಳ ಮೇಲೆ ಹೆಸರು ಬರೆದಿತ್ತು, ಗಿರಾಕಿ ಕೇಳಿದ ಹೆಸರು ಓದಿ ತೆಗೆದುಕೊಟ್ಟರೆ ಮುಗಿಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಆದರೆ 'ಗೊತ್ತಿಲ್ಲ' ಎಂಬ ಮೂರಕ್ಷರದ ಮಾತು ಅವನ ನಾಲಗೆಗೆ ಒಗ್ಗಿರಲಿಲ್ಲ. ಯಾರು ಏನು ಕೇಳಿದರೂ ಮೊದಲು ತಲೆಯಾಡಿಸಿಬಿಡುತ್ತಿದ್ದ, ವಿಚಾರ ಆಮೇಲೆ.

ಅದರಲ್ಲೂ ಪ್ರೆಶರಿನ ಮಾತು ಬಂದರೆ ಅವನನ್ನು ಹಿಡಿಯುವವರೇ ಇಲ್ಲ. ಅಂಗಡಿಯ ಮುಂದೆ ಟಾಯರಿಗೆ ಗಾಳಿ ಹಾಕುವ ಯಂತ್ರವಿತ್ತು. ಗಾಳಿ ಅಳೆಯುವ ಕಡ್ಡಿಯನ್ನು ಡಾಕ್ಟರರು ಥರ್ಮಾಮೀಟರು ಇಟ್ಟುಕೊಳ್ಳುವ ಹಾಗೆ ಅಂಗಿಯ ಕಿಸೆಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ. ಆ ಕಡ್ಡಿಯ ಬಲದ ಮೇಲೆ ಕುಕ್ಕರು, ನಳದ ನೀರು, ಮನುಷ್ಯರ ರಕ್ತ ಎಲ್ಲದರ ಪ್ರೆಶರೂ ತನ್ನ ಅಧಿಕಾರಕ್ಕೆ ಸೇರಿದ್ದೆಂದು ತಿಳಿದಿದ್ದ. ತಂಗಿ ರತ್ನಮಾಲಾಳನ್ನು ನೋಡಲು ಸಾಂಗಲಿಯಿಂದ ಬಂದ ವರನ ತಂದೆ, ಪಾಪ, ತಮಗೆ ಈಚೆಗೆ ಪ್ರೆಶರು ಶುರುವಾಗಿದೆಯೆಂದು ಮಾತಿನ ಭರದಲ್ಲಿ ಹೇಳಿದರು. ಪದ್ಮಾಕರ ಗಂಭೀರವಾಗಿ, "ಮುಂದ ಇಪ್ಪತ್ತೆಂಟು, ಹಿಂದ ಮೂವತ್ತೆರಡು ಇಡ್ರಿ, ಏನೂ ಆಗೂದಿಲ್ಲ" ಎಂದ. ಸಾಂಗಲಿಯವರು ಚಹಾ ಮುಗಿಸಿ ಹೋದವರು ತಿರುಗಿ ಒಂದು ಕಾಗದ ಬರೆಯಲಿಲ್ಲ.

ತಂದೆ ತೀರಿಕೊಂಡ ಮೇಲೆ ರತ್ನಮಾಲಾಳ ಮದುವೆ ಅಣ್ಣನ ತಲೆಯ ಮೇಲೆ ಬಂದಿತ್ತು. ಸಾಲೆಯಲ್ಲಿ ಕಲಿಸುತ್ತಿದ್ದ ಹುಡುಗಿ, ವಯಸ್ಸು ಮೀರುತ್ತಿತ್ತು. ಕೊನೆಗೂ ಖಾನಾಪುರದ ಹೆಂಚಿನ ವ್ಯಾಪಾರಿ ಧರಣೇಂದ್ರಪ್ಪನವರ ಮಗ ಅಭಯಕುಮಾರ ಬಂದು ನೋಡಿ ಹೋದ. ಹುಡುಗನೂ ಒಪ್ಪಿದ, ಹುಡುಗಿಯೂ ಒಪ್ಪಿದಳು. ಈ ಹುಡುಗ ಬಿಟ್ಟರೆ ಇನ್ನೊಬ್ಬನ ಮುಂದೆ ಚಹಾದ ತಾಟು ಹಿಡಿದು ನಿಲ್ಲುವುದಿಲ್ಲವೆಂದೂ ಅವಳು ಹೇಳಿಬಿಟ್ಟಳು. ಉಳಿದದ್ದು ಧರಣೇಂದ್ರಪ್ಪನವರ ಮಾತು ಒಂದೇ. ಅವರೋ ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದ ಕಟ್ಟಾ ಜೈನರು. ಮನೆತನದ ನಡತೆ ನೋಡದೆ ಹೆಣ್ಣು ತರುವವರಲ್ಲ. ಶನಿವಾರ ಖಾನಾಪುರಕ್ಕೆ ಬರಬೇಕೆಂದು ಪದ್ಮಾಕರನಿಗೆ ಹೇಳಿ ಕಳಿಸಿದ್ದರು. ಅದು ಎಂಬತ್ತಾರನೇ ಇಸವಿಯ ಚಳಿಗಾಲ.

ಆ ಶನಿವಾರಕ್ಕೆ ಹಿಂದಿನ ದಿನವೇ ಕಾಸಿಮಸಾಬನು ಅಂಗಡಿಗೆ ಬಂದದ್ದು ಪದ್ಮಾಕರನ ಗ್ರಹಚಾರ. ಕೋಟೆಯ ಹತ್ತಿರ ತಗಡಿನ ಛಾವಣಿಯ ಗ್ಯಾರೇಜು ಇಟ್ಟಿದ್ದ ಕಾಸಿಮಸಾಬನಿಗೆ ಓಟದ ಹುಚ್ಚು. ಬರುವ ಭಾನುವಾರ ಸಾಂಬ್ರಾದ ವಿಮಾನದ ಪಟ್ಟಿಯ ಮೇಲೆ ಮೋಟಾರುಗಳ ಓಟ ಇತ್ತು. ಸುತ್ತುವುದಿಲ್ಲ, ತಿರುಗುವುದಿಲ್ಲ, ಎರಡು ಗಾಡಿ ಬಾಜೂಬಾಜೂ ನಿಂತು ನೆಟ್ಟಗೆ ಓಡಬೇಕು, ನೋಡುವವರು ಒಮ್ಮೆ ಸೀನಿದರೆ ಓಟ ಮುಗಿದಿರುತ್ತದೆ. ಪುಣೆಯವರು, ಗೋವಾದವರು ಭಾರಿ ಭಾರಿ ಗಾಡಿ ತರುವವರಿದ್ದರು. ಕಾಸಿಮಸಾಬನದು ಹಳೆಯ ಫಿಯಾಟು. ಆದರೆ ಹಡಗಿನಲ್ಲಿ ಕೆಲಸಕ್ಕಿದ್ದ ಅವನ ತಮ್ಮ ಪರದೇಶದಿಂದ ಒಂದು ನೀಲಿ ಬಣ್ಣದ ಬಾಟ್ಲಿ ತಂದುಕೊಟ್ಟಿದ್ದ. ಅಡಿಗೆಯ ಗ್ಯಾಸಿನ ಸಿಲಿಂಡರಿನ ಕಿರಿಯ ತಮ್ಮನಂತಿದ್ದ ಆ ಬಾಟ್ಲಿಯಲ್ಲಿ ನೈಟ್ರಸ್ ಎಂಬ ಗ್ಯಾಸು ಇತ್ತು. ಅದನ್ನು ಓಟದ ಹೊತ್ತಿಗೆ ಎಂಜಿನ್ನಿಗೆ ಬಿಟ್ಟರೆ ಫಿಯಾಟಿಗೆ ಹುಲಿ ಬೆನ್ನು ಹತ್ತಿದಂತಾಗುತ್ತದೆಂದು ಕಾಸಿಮಸಾಬ ವರ್ಣಿಸಿದ.

ಪದ್ಮಾಕರ ತಲೆಯಾಡಿಸಿದ. ನೈಟ್ರಸ್ ಮೊದಲು ತನ್ನ ಅಂಗಡಿಗೂ ಬರುತ್ತಿತ್ತು, ಈಗ ಸಪ್ಲಾಯಿ ನಿಂತಿದೆ ಎಂದೂ ಸೇರಿಸಿದ. ಆ ಹೆಸರು ಅವನು ಕೇಳಿದ್ದು ಅದೇ ಮೊದಲು.

ಕಾಸಿಮಸಾಬನ ಕಣ್ಣು ಅರಳಿದವು. ಬಾಟ್ಲಿಯ ಜೀವವೆಲ್ಲ ಪ್ರೆಶರಿನಲ್ಲಿದೆ ಎಂದ. ಬಾಟ್ಲಿಯ ಕೊರಳಲ್ಲಿ ಪ್ರೆಶರು ತೋರಿಸುವ ಒಂದು ಗಡಿಯಾರ, ಅದರ ಮುಳ್ಳು ಒಂಬೈನೂರರ ಮೇಲೆ ನಿಂತಿರಬೇಕು. ಥಂಡಿ ಹತ್ತಿದರೆ ಇಳಿಯುತ್ತದೆ, ಇಳಿದರೆ ಗಾಡಿ ಕೆಮ್ಮುತ್ತದೆ, ಮುಂದೆ ಹೋಗುವುದಿಲ್ಲ. ಕಾವು ಹೆಚ್ಚಾದರೆ ಏರುತ್ತದೆ, ಏರಿದರೆ ಎಂಜಿನ್ನು ಒಳಗಿಂದಲೇ ಸುಟ್ಟುಹೋಗುತ್ತದೆ. ಗ್ಯಾರೇಜಿನ ತಗಡಿನ ಕೆಳಗೆ ಈ ಚಳಿಯಲ್ಲಿ ಮುಳ್ಳು ನೆಲ ಕಂಡಿದೆ, ತನಗೆ ಗಾಡಿಯ ಕೆಲಸವೇ ಹೊರಲಾರದಷ್ಟಿದೆ.

"ಬೆಳಗಾವ್ಯಾಗ ಪ್ರೆಶರು ತಿಳದವರು ನೀವೊಬ್ರ ಸಾವಕಾರ್ರ. ಭಾನುವಾರ ಮುಂಜಾನಿ ತನಕಾ ಇದನ್ನ ಸಂಬಾಳಿಸಿ ಕೊಡ್ರಿ."

ಒಲ್ಲೆ ಎನ್ನುವುದಕ್ಕೆ ಒಂದೇ ದಾರಿಯಿತ್ತು: ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಪದ್ಮಾಕರ ಬಾಟ್ಲಿಯನ್ನು ಎತ್ತಿಕೊಂಡು ಮನೆಗೆ ನಡೆದ.

ಟಿಳಕವಾಡಿಯ ಅವನ ಮನೆಯಲ್ಲಿ ಅಂದು ಮಧ್ಯಾಹ್ನದಿಂದ ನಡೆದದ್ದನ್ನು ಬಾಣಂತನ ಎನ್ನದೆ ಬೇರೆ ದಾರಿಯಿಲ್ಲ. ಪದ್ಮಾಕರ ಬಾಟ್ಲಿಗೆ ಅವ್ವನ ಕಾಲದ ಕೌದಿ ಸುತ್ತಿದ. ಮುಳ್ಳು ಏರಲಿಲ್ಲ. ಬಿಸಿಲಿಗೆ ಒಯ್ದು ಇಟ್ಟ, ಏರಿತು, ಹೆಚ್ಚೇ ಏರಿತು. ಹೆದರಿ ಒಳಗೆ ತಂದು ತಣ್ಣೀರಿನ ವಸ್ತ್ರ ಹಾಕಿದ, ದಡದಡ ಇಳಿಯಿತು. ಮತ್ತೆ ಕೌದಿ, ಮತ್ತೆ ಬಿಸಿಲು. ಬಿಸಿನೀರಿನ ಚೀಲವನ್ನು ಹೆಂಡತಿಯ ಸೊಂಟದಿಂದ ಕಿತ್ತು ಬಾಟ್ಲಿಯ ಸೊಂಟಕ್ಕೆ ಕಟ್ಟಿದ. ಕೊನೆಗೆ ಮನುಷ್ಯನ ಮೈಯ ಕಾವೇ ಸಮಪ್ರಮಾಣದ್ದೆಂದು ಶೋಧಿಸಿ, ಬಾಟ್ಲಿಯನ್ನು ಮಗ್ಗುಲಲ್ಲಿ ಅವುಚಿಕೊಂಡು ಮಲಗಿಬಿಟ್ಟ. ಮುಳ್ಳು ಒಂಬೈನೂರಕ್ಕೆ ಬಂದು ನಿಂತಿತು. ವಿಜ್ಞಾನ ಗೆದ್ದಿತು, ಸಂಸಾರ ಸೋತಿತು.

ಹೆಂಡತಿ ಕಾಂತಾ ತಾಳಿ ತಾಳಿ, ಸಂಜೆಯ ಹೊತ್ತಿಗೆ ಸ್ಫೋಟಿಸಿದಳು. ಬಾಟ್ಲಿಗಿಂತ ಮೊದಲು ಅವಳ ಪ್ರೆಶರು ಸಾವಿರ ದಾಟಿತು.

"ಮದುವಿ ಆದಾಗಿಂದ ನಿನಗ ಥಂಡಿ ಹತ್ತೈತೇನು ಅಂತ ಒಮ್ಮೆರ ಕೇಳೀರಿ? ಆ ಬಾಟ್ಲಿ ಬಂದ ಕೂಡ್ಲೇ ಮಗ್ಗಲಾಗ ಹಾಕ್ಕೊಂಡು ಬಿದ್ದೀರಿ. ಹೆಂಡ್ತಿ ಬೇಕೋ ಬಾಟ್ಲಿ ಬೇಕೋ, ಇವತ್ತ ಒಂದು ಹೇಳಿಬಿಡ್ರಿ."

ಪದ್ಮಾಕರ, ಭಾನುವಾರದವರೆಗೆ ಬಾಟ್ಲಿಯೇ ಬೇಕೆಂದು ಪ್ರಾಮಾಣಿಕವಾಗಿ ಹೇಳಿದ. ಕಿಟಕಿ ತೆರೆದಿತ್ತು. ಕಿಟಕಿಯಾಚೆ ಹಪ್ಪಳ ಒಣಹಾಕಿದ್ದ ಎದುರುಮನೆಯ ಶಿವಲಿಂಗವ್ವ ಕೈಯಲ್ಲಿದ್ದ ಹಪ್ಪಳವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

ಕಾರಿನ ಗ್ಯಾಸಿನ ಸಿಲಿಂಡರಿಗೆ ಬಾಟ್ಲಿ ಎನ್ನುತ್ತಾರೆಂಬುದು ಕಾಸಿಮಸಾಬನ ಗ್ಯಾರೇಜಿನಾಚೆ ಬೆಳಗಾವಿಯಲ್ಲಿ ಯಾರಿಗೂ ತಿಳಿಯದು. ನಮ್ಮ ಕಡೆ ಬಾಟ್ಲಿ ಎಂದರೆ ಒಂದೇ ಬಾಟ್ಲಿ. ಗಂಡಸು ಅದನ್ನು ಹಿಡಿಯುತ್ತಾನೆ, ಹೆಂಡತಿ ಅಳುತ್ತಾಳೆ. ಶಿವಲಿಂಗವ್ವ ಕೆಟ್ಟವಳಲ್ಲ. ಜೈನರ ಮನೆಯಲ್ಲಿ ಹೀಗಾಯಿತಲ್ಲ ಎಂದು ಅವಳಿಗೆ ನಿಜವಾಗಿಯೂ ಸಂಕಟವಾಯಿತು. ಸಂಕಟವನ್ನು ಒಬ್ಬಳೇ ತಡೆದುಕೊಳ್ಳಲಾರದೆ ಸಂಜೆಯ ರೈಲು ಹಿಡಿದು ಮಗಳ ಮನೆಗೆ ಹೋದಳು. ಅವಳ ಮಗಳನ್ನು ಕೊಟ್ಟದ್ದು ಖಾನಾಪುರಕ್ಕೆ, ಧರಣೇಂದ್ರಪ್ಪನವರ ಓಣಿಗೆ.

ಶನಿವಾರ ಮುಂಜಾನೆಯ ರೈಲಿಗೆ ಪದ್ಮಾಕರನೂ ಖಾನಾಪುರಕ್ಕೆ ಹೊರಟ. ಬಾಟ್ಲಿಯನ್ನು ಮನೆಯಲ್ಲಿ ಬಿಟ್ಟರೆ ಬಾವಿಗೆ ಒಗೆಯುತ್ತೇನೆಂದು ಕಾಂತಾ ಹೇಳಿದ್ದರಿಂದ ಅದನ್ನೂ ಕೌದಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಖಾನಾಪುರದ ಥಂಡಿ ಬೆಳಗಾವಿಯದಕ್ಕೂ ಒಂದು ಕೈ ಮೇಲು. ರೈಲು ಡಬ್ಬಿಯ ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಅವನು ಕೌದಿಯ ಸೆರಗು ಸರಿಸಿ ಒಳಗೆ ಇಣುಕಿ, ಮತ್ತೆ ಬಿಗಿಯಾಗಿ ಮುಚ್ಚುತ್ತಿದ್ದ. ಎದುರು ಕುಳಿತ ಹೆಂಗಸೊಬ್ಬಳು ಕೂಸು ಎಷ್ಟು ತಿಂಗಳದ್ದೆಂದು ಕೇಳಿ, ತಾನೂ ಒಳಗೆ ಇಣುಕಿ, ಬೇರೆ ಕಡೆ ಹೋಗಿ ಕುಳಿತಳು.

ಧರಣೇಂದ್ರಪ್ಪನವರ ಪಡಸಾಲೆಯಲ್ಲಿ ಅಂದು ಬೀಗರ ಸ್ವಾಗತಕ್ಕಿಂತ ಸಾವಿನ ಮನೆಯ ಗಾಂಭೀರ್ಯ ಹೆಚ್ಚಾಗಿತ್ತು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಪದ್ಮಾಕರನ ಕಂಕುಳಿನ ಕೌದಿಯ ಮೇಲೆ. ಒಳಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಮೂಲೆಯ ಕುರ್ಚಿಯಲ್ಲಿ ಮೀಸೆಯ ಮುದುಕನೊಬ್ಬ ಕುಳಿತಿದ್ದ. ಅವನು ಭರಮಣ್ಣ, ಬಾಜೂಮನೆಯವನು, ಅಬಕಾರಿ ಇಲಾಖೆಯಲ್ಲಿ ಜಮಾದಾರನಾಗಿ ನಿವೃತ್ತಿಯಾದವನು. ಗೋವಾದಿಂದ ಕದ್ದು ಬರುವ ಮಾಲನ್ನು ಆಯುಷ್ಯವಿಡೀ ಹಿಡಿದ ಮೂಗು ಅವನದು. ಅವನನ್ನು ಯಾಕೆ ಕರೆಸಿದ್ದಾರೆಂದು ಪದ್ಮಾಕರನಿಗೆ ಹೊಳೆಯಲಿಲ್ಲ.

ಧರಣೇಂದ್ರಪ್ಪನವರು ಗಂಟಲು ಸರಿಮಾಡಿಕೊಂಡು, ಅವನ ಬಾಟ್ಲಿಯ ಸುದ್ದಿ ನಿನ್ನೆಯೇ ತಮ್ಮ ಕಿವಿಗೆ ಬಿತ್ತೆಂದರು. ಪದ್ಮಾಕರನಿಗೆ ಆನಂದವಾಯಿತು. ಓಟದ ಸುದ್ದಿ ಖಾನಾಪುರಕ್ಕೂ ಮುಟ್ಟಿತಲ್ಲ! ತನ್ನ ತಿಳಿವಳಿಕೆ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಅವನು ನೆಟ್ಟಗೆ ಕುಳಿತ.

"ಎಷ್ಟು ದಿವಸದಿಂದ ಐತಿ ಇದು?" ಎಂದು ಧರಣೇಂದ್ರಪ್ಪನವರು ಕೇಳಿದರು.

"ನಿನ್ನೆಯಿಂದರಿ, ಕಾಕಾ."

ಭರಮಣ್ಣ ಮೀಸೆಯಡಿಯಲ್ಲಿ ನಿಟ್ಟುಸಿರು ಬಿಟ್ಟ. ಸಿಕ್ಕಿಬಿದ್ದವರೆಲ್ಲ ನಿನ್ನೆಯಿಂದಲೇ ಶುರುಮಾಡಿರುತ್ತಾರೆ.

"ಒಂದು ದಿವಸನೂ ಬಿಟ್ಟ ಇರಾಕ ಆಗೂದಿಲ್ಲೇನು?"

"ಎಲ್ಲಿ ಆಗತೈತ್ರಿ. ತಾಸಿಗೊಮ್ಮೆ ನೋಡಲಿಕ್ಕೇ ಬೇಕು. ಥಂಡಿ ಹತ್ತಿತಂದ್ರ ಇಳದ ಬಿಡತೈತಿ. ಇಳೀತಂದ್ರ ಕೆಮ್ಮು, ಒಂದು ಹೆಜ್ಜಿ ಮುಂದ ಹೋಗಾಕ ಆಗೂದಿಲ್ಲ. ಏರಿತಂದ್ರ ಒಳಗಿಂದೆಲ್ಲಾ ಸುಟ್ಟ ಹೋಗತೈತಿ. ಏರಬಾರದು, ಇಳೀಬಾರದು, ಹಗಲೆಲ್ಲಾ ಒಂದೇ ಸಮ ಇರಬೇಕು ನೋಡ್ರಿ, ಅದರಾಗ ಐತಿ ಹಿಕಮತ್ತು."

ಒಳಬಾಗಿಲಲ್ಲಿ ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ಧರಣೇಂದ್ರಪ್ಪನವರು ಮುಂದಕ್ಕೆ ಬಾಗಿದರು.

"ಒಳಗ ಸುಡತೈತಿ ಅಂತ ಗೊತ್ತಿದ್ದೂ ಬಿಡವಲ್ಲೀ ತಮ್ಮಾ?"

"ಬಿಡ್ತೀನ್ರಿ ಕಾಕಾ. ನಾಳೆ ಮುಂಜಾನಿ ಸಾಂಬ್ರಾದಾಗ ಎಲ್ಲಾರ ಮುಂದ ಬಿಡೂದೈತಿ. ಒಮ್ಮೆ ಬಿಟ್ಟರ ಮುಗದ ಹೋತು, ಹನಿ ಉಳಿಯೂದಿಲ್ಲ."

ಹಿರಿಯರು ಎದ್ದು ಬಂದು ಪದ್ಮಾಕರನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರು ನಿಂತಿತ್ತು. ಸುದ್ದಿ ಕೇಳಿದಾಗ ಈ ಸಂಬಂಧ ಬೇಡವೆಂದೇ ನಿಶ್ಚಯ ಮಾಡಿದ್ದೆ ಎಂದರು. ಸುಳ್ಳು ಹೇಳುತ್ತಾನೆ, ಕೌದಿಯಲ್ಲಿ ಬೇರೇನೋ ಇದೆ ಎನ್ನುತ್ತಾನೆ, ಆಗ ಎದ್ದು ಹೋಗು ಎನ್ನೋಣವೆಂದು ಕುಳಿತಿದ್ದರಂತೆ. ಆದರೆ ಕೇಳಿದ್ದಕ್ಕೆಲ್ಲ ಹೀಗೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಮನುಷ್ಯನನ್ನು ತಾವು ಕಂಡಿಲ್ಲ, ಇಂಥವನ ಮನೆಯ ಹೆಣ್ಣೇ ತಮ್ಮ ಮನೆಗೆ ಬರಬೇಕು ಎಂದರು. ಬಿಡುವುದು ನಾಳೆ ಯಾಕೆ, ಸಾಂಬ್ರಾ ಯಾಕೆ?

"ಸೆರೆ ಬಿಡಾಕ ಮುಹೂರ್ತ ನೋಡಬಾರದು ತಮ್ಮಾ. ಈಗ ಬಿಡು, ನಮ್ಮ ಅಂಗಳದಾಗ."

ಹೆಂಡಕ್ಕೆ ನಮ್ಮ ಕಡೆ ಹೇಳುವ ಸೆರೆ ಎಂಬ ಶಬ್ದ ಕಿವಿಗೆ ಬಿದ್ದಾಗ ಪದ್ಮಾಕರನಿಗೆ ಪಡಸಾಲೆಯ ಅರ್ಥವೆಲ್ಲ ಒಮ್ಮೆಲೇ ಆಯಿತು. ಎಂಟು ವರ್ಷದವನಿದ್ದಾಗ ಬಸದಿಯಲ್ಲಿ ಮದ್ಯ, ಮಾಂಸ, ಜೇನು ಮುಟ್ಟುವುದಿಲ್ಲವೆಂದು ನೇಮ ಹಿಡಿದವನು, ಕೆಮ್ಮಿನ ಔಷಧಕ್ಕೂ ಲೇಬಲ್ಲು ಓದಿ ಕುಡಿಯುವವನು, ನಾಚಿಕೆಯಿಂದ ಕಿವಿಯ ತನಕ ಕೆಂಪಾದ. ಇದು ಸೆರೆಯಲ್ಲ, ಗ್ಯಾಸು ಎಂದು ತಡವರಿಸಿದ.

ಭರಮಣ್ಣನಿಗೆ ಇದು ಹೊಸ ಮಾತಲ್ಲ. ತಾನು ಹಿಡಿದ ಒಬ್ಬನು ಗಂಗಾಜಲ ಎಂದಿದ್ದ, ಇನ್ನೊಬ್ಬನು ಎಮ್ಮೆಯ ಔಷಧ ಎಂದಿದ್ದ, ಸ್ಕೂಟರಿನ ಟ್ಯೂಬಿನಲ್ಲಿ ತಂದವನು ಗಾಳಿ ಎಂದಿದ್ದ. ಕಬ್ಬಿಣದ ಬಾಟ್ಲಿಯಲ್ಲಿ ತರುವುದು ಮಾತ್ರ ಹೊಸ ತರಹ, ಗೋವಾದವರ ತಲೆಯನ್ನು ಮೆಚ್ಚಬೇಕು ಎಂದ.

ಧರಣೇಂದ್ರಪ್ಪನವರ ಕೈ ಪದ್ಮಾಕರನ ಹೆಗಲಿನಿಂದ ಮೆಲ್ಲಗೆ ಸರಿಯಿತು. ಮುಖ ಕಲ್ಲಾಯಿತು. ಈಗ ತಾನೇ ಒಪ್ಪಿದವನು ಈಗ ತಾನೇ ಸುಳ್ಳಿಗಿಳಿದನೇ, ಇಂಥ ಮನೆಯ ಹೆಣ್ಣನ್ನು ಹೇಗೆ ತರುವುದು ಎಂದು ಅವರ ಕಣ್ಣು ಕೇಳಿತು. ಪದ್ಮಾಕರ ಆ ಕೈ ಸರಿದದ್ದನ್ನು ನೋಡಿದ. ಬಾಗಿಲ ಬಳಿ ನಿಂತ ಅಭಯಕುಮಾರನ ಮುಖ ಬಾಡಿದ್ದನ್ನೂ ನೋಡಿದ. ಇನ್ನೊಬ್ಬನ ಮುಂದೆ ತಾಟು ಹಿಡಿಯುವುದಿಲ್ಲ ಎಂದಿದ್ದ ತಂಗಿ ನೆನಪಾದಳು. ನಿಜ ಹೇಳಿದರೆ ಸಂಬಂಧ ಹೋಗುತ್ತದೆ, ಸುಳ್ಳು ಒಪ್ಪಿದರೆ ಉಳಿಯುತ್ತದೆ. ಇಂಥ ಲೆಕ್ಕ ಯಾವ ಸಾಲೆಯಲ್ಲೂ ಕಲಿಸಿರಲಿಲ್ಲ.

"ತಪ್ಪಾತ್ರಿ ಕಾಕಾ. ಸೆರೇನ ಐತಿ," ಎಂದ.

ಅಂಗಳದಲ್ಲಿ ಓಣಿಯ ಜನ ಕೂಡಿದರು. ಹೆಂಚುಗಳ ಒಟ್ಟಿಲಿನ ಮೇಲೆಯೂ ಹತ್ತಿ ನಿಂತರು. ಶಿವಲಿಂಗವ್ವ ಮೊದಲ ಸಾಲಿನಲ್ಲಿದ್ದಳು, ಅದು ಅವಳ ಹಕ್ಕು. ಪದ್ಮಾಕರ ಕೌದಿ ಬಿಚ್ಚಿ, ಬಾಟ್ಲಿಯ ಬಾಯಿಯ ತಿರುಪು ತಿರುವಿದ. ಬುಸ್ ಎಂದು ಸದ್ದಾಗಿ ಬೆಳ್ಳನೆಯ ಹೊಗೆ ಅಂಗಳದ ತುಂಬ ನುಗ್ಗಿತು. ಜನ ಹಿಂದೆ ಸರಿದರು. ನಾಯಿಯೊಂದು ಓಡಿಹೋಯಿತು. ಒಳಗಿನ ಸೆರೆ ಎಷ್ಟು ಖಡಕ್ಕಾಗಿದ್ದರೆ ಹನಿಯಾಗಿ ಬೀಳದೆ ಹೊಗೆಯಾಗಿ ಏಳಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಮನುಷ್ಯ ಬದುಕಿದ್ದೇ ಪುಣ್ಯವೆಂದು ಕನಿಕರದಿಂದ ಅವನನ್ನು ನೋಡಿದರು. ನೋಡನೋಡುತ್ತ ಬಾಟ್ಲಿಯ ಮೈಮೇಲೆ ಹಿಮ ಹತ್ತಿತು, ಪದ್ಮಾಕರನ ಬೆರಳು ಸೆಟೆದವು. ಬಿಡುವಾಗ ಕೈ ಸೆಟೆಯುವುದು ಸಹಜ ಎಂದು ಯಾರೋ ತಿಳಿದವರು ವಿವರಿಸಿದರು.

ಭರಮಣ್ಣ ಕರ್ತವ್ಯನಿಷ್ಠ. ಮುಂದೆ ಬಂದು ಹೊಗೆಯಲ್ಲಿ ಮೂಗಿಟ್ಟು ದೀರ್ಘವಾಗಿ ಎಳೆದುಕೊಂಡ. ಸಿಹಿ ವಾಸನೆ ಇದೆ, ಗೇರುಹಣ್ಣಿನದು, ಪಕ್ಕಾ ಗೋವಾ ಎಂದು ತೀರ್ಪು ಕೊಟ್ಟ. ಖಾತ್ರಿಗೆ ಇನ್ನೊಮ್ಮೆ ಎಳೆದುಕೊಂಡ. ಆಮೇಲೆ ಆ ಮೀಸೆಯ ಮುದುಕ, ಆಯುಷ್ಯದಲ್ಲಿ ಯಾರೂ ಅವನು ನಕ್ಕದ್ದು ಕಂಡಿರಲಿಲ್ಲವಂತೆ, ಕಿಸಕ್ಕನೆ ನಕ್ಕ. ನಗುತ್ತಲೇ ಹೆಂಚಿನ ಒಟ್ಟಿಲಿಗೆ ಒರಗಿ ಕುಳಿತ. ನೈಟ್ರಸ್ಸಿಗೆ ನಗಿಸುವ ಗ್ಯಾಸು ಎಂಬ ಇನ್ನೊಂದು ಹೆಸರಿದೆಯೆಂದು ಆ ಅಂಗಳದಲ್ಲಿ ಯಾರಿಗೂ ತಿಳಿಯದು. ಬರೀ ವಾಸನೆಗೇ ಜಮಾದಾರರಿಗೆ ಅಮಲೇರಿತು ಎಂದ ಮೇಲೆ ಇನ್ನು ಸಾಕ್ಷಿ ಬೇಕೇ? ಬಾಟ್ಲಿಯಲ್ಲಿದ್ದುದು ಸೆರೆಯೆಂಬುದರಲ್ಲಿ ಖಾನಾಪುರದಲ್ಲಿ 'ಗೊತ್ತಿಲ್ಲ' ಎನ್ನುವವನು ಒಬ್ಬನೂ ಉಳಿಯಲಿಲ್ಲ.

ಅಲ್ಲಿಂದ ಬಸದಿಗೆ ಕರೆದೊಯ್ದರು. ಇನ್ನು ಸೆರೆ ಮುಟ್ಟುವುದಿಲ್ಲವೆಂದು ಪಂಡಿತರು ನೇಮ ಕೊಟ್ಟರು. ಬಿಡಲಿಕ್ಕೆ ಹಿಡಿದೇ ಇರದ ಮನುಷ್ಯ ಭಗವಾನರ ಎದುರು ಕೈಮುಗಿದು, ಇವತ್ತಿನಿಂದ ಬಿಟ್ಟೆ ಎಂದ. ಭಗವಾನರು ಎಂದಿನಂತೆ ಅರೆಗಣ್ಣು ಮುಚ್ಚಿದ್ದರು. ಪದ್ಮಾಕರನಿಗೆ ಮುಖ ಎತ್ತಿ ನೋಡಲಾಗಲಿಲ್ಲ. ಗಿರಾಕಿಗಳಿಗೆ ಎಷ್ಟೋ ಸುಳ್ಳು ಹೇಳಿದ್ದ, ಆದರೆ ಆ ಗಂಧದ ವಾಸನೆಯಲ್ಲಿ ಹೇಳಿದ್ದು ಇದೇ ಮೊದಲು. ಹೊರಗೆ ಬರುವಾಗ ಧರಣೇಂದ್ರಪ್ಪನವರು ಅವನನ್ನು ಬದಿಗೆ ಕರೆದು ದನಿ ತಗ್ಗಿಸಿದರು. ತಮ್ಮ ಮನೆಯಲ್ಲೂ ಕುಡಿಯುವವನೊಬ್ಬನಿದ್ದಾನೆ, ಒಡಹುಟ್ಟಿದ ತಮ್ಮ ಸಾತಪ್ಪ. ಊರಿಗೆಲ್ಲ ಹೆಂಚಿನ ಭಟ್ಟಿಯ ಹೊಗೆಯಿಂದ ಮೈ ಕೆಟ್ಟಿದೆ ಎಂದು ಹೇಳುತ್ತ ಬಂದಿದ್ದಾರೆ. ಬೈದು, ಬಡಿದು, ಉಪವಾಸ ಕೂತು ಎಲ್ಲಾ ಮಾಡಿ ಸೋತಿದ್ದಾರೆ.

"ಬಿಟ್ಟವನ ಮಾತು ಹಿಡದವಗ ತಿಳೀತೈತಿ. ಒಂದು ಸಲ ಅವನ ಕೂಡ ಕುಂತು ಮಾತಾಡು. ನಿನ್ನ ತಂಗೀನ ನನ್ನ ಮಗಳಂಗ ನೋಡ್ಕೋತೀನಿ."

ಪದ್ಮಾಕರ ಹೂಂ ಎಂದ. ಬೇರೆ ಏನು ಎನ್ನಬಹುದಿತ್ತು?

ಭಾನುವಾರ ಸಾಂಬ್ರಾದಲ್ಲಿ ಬಣ್ಣಬಣ್ಣದ ಬಾವುಟ, ಧೂಳು, ಗೌಜಿ. ಪದ್ಮಾಕರ ಖಾಲಿ ಬಾಟ್ಲಿಯನ್ನು ಕೌದಿಯಲ್ಲಿ ಸುತ್ತಿಯೇ ತಂದ. ಕೌದಿ ಬಿಚ್ಚಿದರೆ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಬಿಸಿಲಿಗೂ ಏರಲಿಲ್ಲ, ಗಾಳಿಗೂ ಇಳಿಯಲಿಲ್ಲ. ಎರಡು ದಿನ ಒದ್ದಾಡಿದರೂ ನಿಲ್ಲದ ಸಮಸ್ಥಿತಿ ಕೊನೆಗೂ ಸಿದ್ಧಿಸಿತ್ತು. ಗಾಡಿಯ ಕಡೆಯಿಂದ ನಗುತ್ತ ಓಡಿಬಂದ ಕಾಸಿಮಸಾಬ ಮುಳ್ಳನ್ನು ನೋಡಿದ, ಪದ್ಮಾಕರನನ್ನು ನೋಡಿದ. ಪದ್ಮಾಕರ ಎಲ್ಲವನ್ನೂ ಹೇಳಲು ಬಾಯಿ ತೆರೆದವನು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಸೋರಿಹೋಯಿತು ಎಂದಷ್ಟೇ ಅಂದ. ಕಾಸಿಮಸಾಬ ಬೈದಿದ್ದರೆ ಚೆನ್ನಾಗಿತ್ತು.

"ನಿಮಗ ಗೊತ್ತೈತಿ ಅಂತ ನಂಬಿ ಕೊಟ್ಟಿದ್ದೆ ಸಾವಕಾರ್ರ," ಎಂದು ಹೇಳಿ, ಖಾಲಿ ಬಾಟ್ಲಿಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಓಟಕ್ಕೆ ನಿಂತ.

ಬಾವುಟ ಬಿತ್ತು. ಗೋವಾದ ಗಾಡಿ ಕಾಣದಾಯಿತು. ಗ್ಯಾಸಿನ ಆಸೆಗೆ ಎಂಜಿನ್ನಿನ ಹೊಟ್ಟೆಯನ್ನೆಲ್ಲ ಬದಲಿಸಿಕೊಂಡಿದ್ದ ಫಿಯಾಟು ಎರಡು ಸಲ ಕೆಮ್ಮಿ ಪಟ್ಟಿಯ ನಡುವೆ ನಿಂತುಬಿಟ್ಟಿತು. ನೋಡಲು ಬಂದ ಹುಡುಗರು ಹೋ ಎಂದು ಕೂಗಿದರು. ಕಾಸಿಮಸಾಬ ಇಳಿದು, ಯಾರ ಕಡೆಯೂ ನೋಡದೆ, ಗಾಡಿಯನ್ನು ಒಬ್ಬನೇ ನೂಕತೊಡಗಿದ. ಪದ್ಮಾಕರ ಓಡಿಹೋಗಿ ಹಿಂದಿನಿಂದ ಹೆಗಲು ಕೊಟ್ಟ. ಪಟ್ಟಿ ಮುಗಿಯುವ ತನಕ ಇಬ್ಬರೂ ನೂಕಿದರು.

ಮುಂದೆ ಊರಲ್ಲಿ ತಲೆಯೆತ್ತಿ ನಡೆಯುವುದು ಅವನಿಗೆ ಕಷ್ಟವಾಯಿತು. ಕುಡಿದವನೆಂದು ಯಾರಾದರೂ ಉಗಿದಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಹೊಗಳುತ್ತಿದ್ದರು. ಗಿರಾಕಿಗಳು ಅಂಗಡಿಗೆ ಬಂದು, ಬಿಟ್ಟಿರಂತೆ, ಬಹಳ ಚಲೋ ಆಯಿತು ಎಂದು ಕೈ ಹಿಡಿದು ಅಲುಗಿಸಿದರು. ಶಿವಲಿಂಗವ್ವ ತನ್ನಿಂದಲೇ ಒಂದು ಸಂಸಾರ ಉಳಿಯಿತೆಂದು ಹಪ್ಪಳದ ಡಬ್ಬಿಯನ್ನೇ ಕಾಂತಾಳಿಗೆ ಕಾಣಿಕೆ ಕೊಟ್ಟಳು. ಕಾಂತಾ ಆ ಹಪ್ಪಳ ಸುಟ್ಟು ಬಡಿಸಿದಳು, ಪದ್ಮಾಕರ ತಿಂದ. ತಾನೇ ಖಾನಾಪುರಕ್ಕೆ ಹೋಗಿ ನಿಜ ಹೇಳಿ ಬರುತ್ತೇನೆಂದು ರತ್ನಮಾಲಾ ಹೊರಟು ನಿಂತಾಗ ಅವನು ಬಾಗಿಲಿಗೆ ಅಡ್ಡ ನಿಂತ. ಅಣ್ಣನಿಗೆ ಇಂಥ ಹೆಸರು ಬಂದದ್ದು ತನ್ನಿಂದಲ್ಲವೇ ಎಂದು ಅವಳು ಅತ್ತಳು. ಅವಳಿಂದಲ್ಲ, ತನ್ನ ನಾಲಗೆಯಿಂದ ಎಂದುಕೊಳ್ಳುತ್ತ ಅವನು ಬಾಗಿಲಿನ ಅಗುಳಿ ಹಾಕಿದ.

ನಿಶ್ಚಿತಾರ್ಥ ಟಿಳಕವಾಡಿಯ ಮನೆಯಲ್ಲೇ ನಡೆಯಿತು. ಉಂಗುರ ಬದಲಾದವು, ಸಕ್ಕರೆ ಹಂಚಿದರು. ಧರಣೇಂದ್ರಪ್ಪನವರು ತಮ್ಮ ಕಡೆಯವರಿಗೆಲ್ಲ ಪದ್ಮಾಕರನನ್ನು ತೋರಿಸಿ, ಇವರೇ ಬಿಟ್ಟವರು ಎಂದು ಪರಿಚಯ ಮಾಡಿಕೊಟ್ಟರು. ಎಲ್ಲರೂ ಕೈ ಮುಗಿದರು. ಪದ್ಮಾಕರ ನೆಲದ ಹಾಸುಗಲ್ಲು ನೋಡುತ್ತ ನಿಂತ. ಊಟಕ್ಕೆ ಇನ್ನೂ ಹೊತ್ತಿರುವಾಗ ಧರಣೇಂದ್ರಪ್ಪನವರು ಒಬ್ಬ ಸಣಕಲು ಮನುಷ್ಯನನ್ನು ಕರೆತಂದು ಹಿತ್ತಲಲ್ಲಿ ಪದ್ಮಾಕರನ ಪಕ್ಕ ಕೂಡಿಸಿ ತಾವು ದೂರ ಹೋದರು. ಅವನೇ ಸಾತಪ್ಪ. ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಅಣ್ಣನ ಕೋಟು ಹಾಕಿಕೊಂಡು ಬಂದಿದ್ದ. ಕೋಟಿನ ತೋಳಲ್ಲಿ ಕೈ ನಡುಗುತ್ತಿತ್ತು. ಕೋಟಿನ ಗುಂಡಿ ತಿರುವುತ್ತ ಕೇಳಿದ:

"ಮೊದಲನೇ ದಿವಸ ಹೆಂಗ ದಾಟಿದ್ರಿ? ನನಗ ಆ ಒಂದು ದಿವಸನ ದಾಟವಲ್ದು."

ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರವಿದ್ದ ಮನುಷ್ಯ ಆ ನಡುಗುವ ಕೈ ನೋಡಿದ. ಏನಾದರೊಂದು ಹೇಳಬಹುದಿತ್ತು, ನಿಂಬೆಹಣ್ಣು, ಮಜ್ಜಿಗೆ, ಮುಂದೆ ಇಪ್ಪತ್ತೆಂಟು ಹಿಂದೆ ಮೂವತ್ತೆರಡು.

"ಗೊತ್ತಿಲ್ಲರಿ. ನಾ ಎಂದೂ ಕುಡದಿಲ್ಲ," ಎಂದ.

ಶುರುವಾದ ಮೇಲೆ ನಿಲ್ಲಲಿಲ್ಲ. ಕಾಸಿಮಸಾಬ, ನೈಟ್ರಸ್, ಕೌದಿ, ಮುಳ್ಳು, ಭರಮಣ್ಣನ ಮೂಗು, ಬಸದಿಯ ಸುಳ್ಳು ನೇಮ ಎಲ್ಲವನ್ನೂ ಹೇಳಿದ. ಸಾತಪ್ಪ ಬಾಯಿ ತೆರೆದು ಕೇಳಿದ. ಕೇಳುತ್ತ ಅವನ ಭುಜ ಕುಣಿಯತೊಡಗಿದವು. ಅಣ್ಣನ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಪದ್ಮಾಕರನನ್ನು ಬಹಳ ಪ್ರೀತಿಯಿಂದ ನೋಡಿದ. ಮನೆಯಲ್ಲಿ ಎಲ್ಲರೂ ತನ್ನ ಮುಂದೆ ಕುಳಿತಾಗ ಅವರೆಲ್ಲ ಶುದ್ಧರು, ತಾನೊಬ್ಬನೇ ನಾಚಿಕೆಗೇಡಿ ಎನ್ನಿಸುತ್ತಿತ್ತು, ಇವತ್ತು ಜೊತೆಗೊಬ್ಬ ಸಿಕ್ಕ ಎಂದ. ಒಂದು ಹನಿಯೂ ಕುಡಿಯದವನು ಬಿಟ್ಟದ್ದಕ್ಕೇ ಇಷ್ಟು ಮರ್ಯಾದೆ ಸಿಕ್ಕರೆ, ನಿಜವಾಗಿ ಬಿಟ್ಟವನಿಗೆ ಎಷ್ಟು ಸಿಕ್ಕೀತೋ ನೋಡಿಯೇಬಿಡೋಣ ಎಂದೂ ಅಂದ.

ನಗೆಯ ಸದ್ದಿಗೆ ಧರಣೇಂದ್ರಪ್ಪನವರು ಗಾಬರಿಯಿಂದ ಓಡಿಬಂದರು. ಹಿಂದೆ ಕಾಂತಾ, ರತ್ನಮಾಲಾ, ಬೀಗರೆಲ್ಲ. ಸಾತಪ್ಪ ಎದ್ದು ನಿಂತು, ಇವತ್ತಿನ ದಿವಸ ತಾನು ಮುಟ್ಟುವುದಿಲ್ಲ, ನಾಳೆಯ ಮಾತು ನಾಳೆ ಎಂದ. ತಾನಾಗಿಯೇ ಅವನು ಅಷ್ಟು ಹೇಳಿದ್ದು ಆ ಮನೆಯಲ್ಲಿ ಅದೇ ಮೊದಲು. ಧರಣೇಂದ್ರಪ್ಪನವರು, ಅಷ್ಟು ದೊಡ್ಡ ಮನುಷ್ಯ, ಎಲ್ಲರ ಎದುರಿಗೆ, ಪದ್ಮಾಕರನ ಕಾಲು ಮುಟ್ಟಲು ಬಗ್ಗಿದರು.

ಪದ್ಮಾಕರ ಬೆಂಕಿ ತಗುಲಿದವನಂತೆ ಹಿಂದೆ ಸರಿದ. ಇನ್ನು ತಡೆಯಲಾರೆ, ಸಂಬಂಧ ಇದ್ದರೆ ಇರಲಿ ಹೋದರೆ ಹೋಗಲಿ, ಎಲ್ಲಾ ಹೇಳಿಬಿಡುತ್ತೇನೆಂದು ಬಾಯಿ ತೆರೆದ. ಸಾತಪ್ಪ ಅವನ ಮಣಿಕಟ್ಟು ಹಿಡಿದು, ಕಿವಿಯ ಹತ್ತಿರ ಬಂದ.

"ಸುಮ್ಮನ ನಿಂದರ್ರಿ ಬೀಗರ. ನೀವು ಬಾಯಿ ಬಿಟ್ಟರ ನಾ ಬಾಟ್ಲಿ ಹಿಡೀತೀನಿ."

ಪದ್ಮಾಕರ ಬಾಯಿ ಮುಚ್ಚಿದ. ಧರಣೇಂದ್ರಪ್ಪನವರ ಕೈ ಅವನ ಪಾದ ಮುಟ್ಟಿತು.